ಕ್ಯಾರಿಯೋಟೈಪ್ ನಾರ್ಮಲ್, ಆದರೂ ಎನ್‌ಯುಪಿ98?

ಪ್ರಶ್ನೆ: ತಮ್ಮನಿಗೆ ಎಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್). ಕ್ಯಾರಿಯೋಟೈಪ್ (ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮ್ ನೋಡುವ ಟೆಸ್ಟ್) ನಾರ್ಮಲ್ ಅಂತ ಬಂದಿತ್ತು. ಈಗ ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಲ್ಲಿ ಎನ್‌ಯುಪಿ98-ಎನ್‌ಎಸ್‌ಡಿ1 (ಎರಡು ಜೀನ್ ಕೂಡಿಕೊಂಡದ್ದು) ಸಿಕ್ಕಿದೆ. ಮೊದಲ ರಿಪೋರ್ಟ್ ತಪ್ಪಾ? ಎನ್‌ಯುಪಿ98 ಅಂದರೆ ಜೀವಕೋಶದ ನ್ಯೂಕ್ಲಿಯಸ್‌ನ ರಂಧ್ರದ ಜೀನ್ ಅಂತೆ; ಅದಕ್ಕೂ ರಕ್ತದ ಕ್ಯಾನ್ಸರ್‌ಗೂ ಏನು ಸಂಬಂಧ?

ಉತ್ತರ 1: ತಪ್ಪಲ್ಲ. ಎನ್‌ಯುಪಿ98 ಇರುವುದು 11ನೇ ಕ್ರೋಮೋಸೋಮಿನ ತುದಿಯಲ್ಲಿ, ಎನ್‌ಎಸ್‌ಡಿ1 5ನೆಯದರ ತುದಿಯಲ್ಲಿ. ಅದಲುಬದಲಾಗುವ ಚೂರುಗಳು ತೀರಾ ಚಿಕ್ಕವು, ಮೈಕ್ರೋಸ್ಕೋಪಿಗೆ ಸಿಗುವುದಿಲ್ಲ. ಎಫ್‌ಎಲ್‌ಟಿ3-ಐಟಿಡಿ (ಎಫ್‌ಎಲ್‌ಟಿ3 ಜೀನಿನ ಒಂದು ಮ್ಯುಟೇಶನ್) ನೋಡಿದ್ದಾರಾ? ಜಾಸ್ತಿ ಸಲ ಜೊತೆಗೇ ಇರುತ್ತದೆ.

ಉತ್ತರ 2: ಇಲ್ಲಿ ರಂಧ್ರದ ಕೆಲಸ ಮುಖ್ಯ ಅಲ್ಲ. ಎನ್‌ಯುಪಿ98 ಪ್ರೋಟೀನಿನ ಎಫ್‌ಜಿ ಭಾಗ (ಎಫ್, ಜಿ ಎಂಬ ಅಮೈನೋ ಆಮ್ಲಗಳ ಜೋಡಿ ಪದೇಪದೇ ಬರುವ ಭಾಗ) ಅಂಟಂಟು. ಎನ್‌ಎಸ್‌ಡಿ1 ಜೊತೆ ಸೇರಿದರೆ ಡಿಎನ್‌ಎ ಮೇಲೆ ಗುಂಪುಕಟ್ಟಿಕೊಂಡು ಹಾಕ್ಸ್‌ಎ ಜೀನ್‌ಗಳು (ಎಳೆಯ ರಕ್ತಕಣದಲ್ಲಿ ಆನ್ ಇದ್ದು, ಪಕ್ವವಾಗುವಾಗ ಆಫ್ ಆಗಬೇಕಾದವು) ಆಫ್ ಆಗೋಕೇ ಬಿಡುವುದಿಲ್ಲ. ರಕ್ತಕಣ ಪಕ್ವವಾಗದೆ ಸುಮ್ನೆ ಹೆಚ್ಚುತ್ತಾ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಐಟಿಡಿನೂ ಪಾಸಿಟಿವ್. ಎರಡೂ ಇದ್ದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿಯಂತೆ. ಅಸ್ಥಿಮಜ್ಜೆ ಕಸಿಗೆ ಅಂತ ನನ್ನ ಎಚ್‌ಎಲ್‌ಎ ಟೆಸ್ಟ್ (ದಾನಿಯ ಹೊಂದಾಣಿಕೆ ನೋಡುವುದು) ಬರೆದಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಾಳೆ ಟೆಸ್ಟ್‌ಗೆ ರಕ್ತ ಕೊಡುತ್ತೇನೆ.