ಸಹಾಯ ಬೇಕು: ನಿಮ್ಮನೆ ಮುದ್ದೆಗೆ ಎಷ್ಟು ಗ್ರಾಂ ಹಿಟ್ಟು?

ನಮಸ್ಕಾರ. ಟೈಪ್ 2 ಸಕ್ಕರೆ ಕಾಯಿಲೆಯವರಿಗಾಗಿ ಹಳೇ ಮೈಸೂರು ಕಡೆಯ ಊಟದ ಪಟ್ಟಿ ಮಾಡುತ್ತಿದ್ದೇವೆ. ‘ಒಂದು ಮುದ್ದೆ’ ಅಂತ ಬರೆದರೆ ಉಪಯೋಗವಿಲ್ಲ. ಒಬ್ಬರ ಮನೇಲಿ ಅದು ಕಿತ್ತಳೆಯಷ್ಟು, ಇನ್ನೊಬ್ಬರಲ್ಲಿ ತೆಂಗಿನಕಾಯಿಯಷ್ಟು.

ದಯವಿಟ್ಟು ಎಸರಿಗೆ ಹಾಕುವ ಮೊದಲೇ ಹಿಟ್ಟು ತೂಗಿ, ಎಷ್ಟು ಮುದ್ದೆ ಆಯಿತು ತಿಳಿಸಿ. ಕಟ್ಟಿದ ಮುದ್ದೆ ತೂಗಬೇಡಿ, ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಉಂಡ ಮೇಲೆ ರಕ್ತದಲ್ಲಿ ಸಕ್ಕರೆಯಾಗುವ ಅಂಶ) ಇದೆ. ‘ರಾಗಿ ಶುಗರ್‌ಗೆ ಒಳ್ಳೇದು’ ಅಂತ ಎರಡು ಮುದ್ದೆ ಉಂಡು, ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಸಕ್ಕರೆ ಏರುವುದು ಇದಕ್ಕೇ.

ಗ್ಲುಕೋಮೀಟರ್ ಇದ್ದವರು ಮೊದಲ ತುತ್ತಿಗೆ ಮುಂಚಿನ ಅಂಕಿ, ಆ ತುತ್ತಿನಿಂದ ಸರಿಯಾಗಿ 2 ಗಂಟೆ ನಂತರದ ಅಂಕಿ ಕೊಡಿ. ಕೈ ಸೋಪಿನಲ್ಲಿ ತೊಳೆದು ಒರೆಸಿ. ಬೆರಳಲ್ಲಿ ಹಣ್ಣಿನ ರಸವಿದ್ದರೆ ಸುಳ್ಳು ಏರಿಕೆ ತೋರುತ್ತೆ. ಬಸ್ಸಾರೋ ಉಪ್ಸಾರೋ, ಕಾಳೆಷ್ಟು ಅಂತಲೂ ಬರೆಯಿರಿ. ಇದಕ್ಕೋಸ್ಕರ ಮಾತ್ರೆ, ಇನ್ಸುಲಿನ್ ಬದಲಿಸಬೇಡಿ, ಊಟ ಬಿಡಬೇಡಿ. ಸಕ್ಕರೆ ಅಂಕಿ 70ಕ್ಕಿಂತ (mg/dL) ಕೆಳಗೆ ಬಂದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ.

ಇನ್ನೊಂದು ಮಾತು: ಮುದ್ದೆ ಬಿಡಿಸಿ ಚಪಾತಿಗೆ ಹಾಕಿದ ಹಿರಿಯರಿಗೆ ಊಟ ಸೇರುತ್ತಿದೆಯೇ? ಬೀಗರೂಟಕ್ಕೆ ಹೋಗೋದನ್ನೇ ಬಿಟ್ಟಿದ್ದಾರೆಯೇ? ಅಂಕಿಯಷ್ಟೇ ಇದೂ ನಮಗೆ ಮುಖ್ಯ. ಹೆಸರು ಬೇಡ, ವಯಸ್ಸು, ತಾಲ್ಲೂಕು ಸಾಕು.