ದಜಾಯಿಯ ‘ಜೋಸೇಇತೊ’: ಆ ಧ್ವನಿ ಯಾರದು?

ಸಾಗರದ ಓದುಗ:
ಒಸಾಮು ದಜಾಯಿ 1939ರಲ್ಲಿ ಪ್ರಕಟಿಸಿದ ‘ಜೋಸೇಇತೊ’, ಅಂದರೆ ‘ಶಾಲಾ ಹುಡುಗಿ’, ಎಂಬ ಜಪಾನಿ ಕಿರುಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ, ಇಲ್ಲಿನ ನಮ್ಮ ಓದುಬಳಗದಲ್ಲಿ ಚರ್ಚೆಗಿಟ್ಟಿದ್ದೆವು. ತಂದೆಯನ್ನು ಕಳೆದುಕೊಂಡು ತಾಯಿಯೊಂದಿಗೆ ಟೋಕಿಯೊದಲ್ಲಿರುವ ಹುಡುಗಿಯೊಬ್ಬಳು ಬೆಳಗ್ಗೆ ಕಣ್ಣುಬಿಟ್ಟಾಗಿನಿಂದ ರಾತ್ರಿ ಮಲಗುವವರೆಗೆ ಮನಸ್ಸಿನಲ್ಲೇ ಆಡಿಕೊಳ್ಳುವ ಮಾತುಗಳಷ್ಟೇ ಇದರಲ್ಲಿವೆ. ಕಥೆ ಎನ್ನುವಂಥದ್ದೇನೂ ನಡೆಯುವುದಿಲ್ಲ. ಮೂವತ್ತರ ಆಸುಪಾಸಿನ ಗಂಡಸೊಬ್ಬ ಹೆಣ್ಣುಮಗಳ ಒಳಮನಸ್ಸನ್ನು ಹೀಗೆ ಬರೆದರೆ ನಂಬಬಹುದೇ ಎಂಬಲ್ಲಿಗೆ ನಮ್ಮ ಚರ್ಚೆ ಬಂದು ನಿಂತಿದೆ. ಬಲ್ಲವರು ತಿಳಿಸಬೇಕು.

ಶಿವಮೊಗ್ಗದಿಂದ:
ಸರ್, ಆ ಧ್ವನಿ ಪೂರ್ತಿ ದಜಾಯಿಯದಲ್ಲ. 1938ರಲ್ಲಿ ಯುವ ಓದುಗಿಯೊಬ್ಬಳು ತನ್ನ ದಿನಚರಿಯನ್ನೇ ಅವನಿಗೆ ಕಳುಹಿಸಿಕೊಟ್ಟಿದ್ದಳು. ಹಲವು ತಿಂಗಳ ಆ ಬರಹವನ್ನು ಒಂದೇ ದಿನದೊಳಗೆ ಹಿಡಿದು ಕೂರಿಸಿದ್ದು ಅವನ ಕೆಲಸ, ಮತ್ತು ಅದು ಸಣ್ಣ ಕೆಲಸವೇನಲ್ಲ. ಕೃತಿಯನ್ನು ಜಪಾನಿನ ಪ್ರಸಿದ್ಧ ಕಾದಂಬರಿಕಾರ ಕವಾಬಾತ ಯಸುನಾರಿಯವರು ಮೆಚ್ಚಿದ್ದರು. ಆದರೆ ಮೆಚ್ಚುಗೆಯಲ್ಲಿ ಆ ಹುಡುಗಿಯ ಪಾಲೆಷ್ಟು ಎಂಬುದನ್ನೂ ತಮ್ಮ ಬಳಗ ಕೇಳಿಕೊಳ್ಳಬೇಕು.

ಹೊಸನಗರದ ಓದುಗಿ:
ಏನೂ ನಡೆಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ರೈಲಿನಲ್ಲಿ ಖಾಲಿ ಸೀಟಿನ ಮೇಲೆ ಸಾಮಾನಿಟ್ಟು ಅವಳು ಲಂಗದ ನೆರಿಗೆ ಸರಿಪಡಿಸಿಕೊಳ್ಳುವಷ್ಟರಲ್ಲಿ, ಕನ್ನಡಕದ ಗಂಡಸೊಬ್ಬ ಅದನ್ನು ಪಕ್ಕಕ್ಕಿಟ್ಟು ತಾನೇ ಕೂತುಬಿಡುತ್ತಾನೆ. ಅವಳು ಆಕ್ಷೇಪಿಸಿದರೆ ನಕ್ಕು ಪತ್ರಿಕೆ ಓದತೊಡಗುತ್ತಾನೆ. ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದು ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿದ ನಮಗೆ ಆ ನಗೆಯನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಮರುಕ್ಷಣವೇ ಅವಳು, ನಿಜವಾಗಿ ನಾಚಿಕೆಗೆಟ್ಟವರು ಯಾರು, ನಾನೇ ಇರಬಹುದೇನೋ ಎಂದು ತನ್ನನ್ನೇ ಕಟಕಟೆಗೆ ಹತ್ತಿಸುತ್ತಾಳೆ. ಹೊರಗೆ ಹೋಗಲು ದಾರಿ ಸಿಗದ ಸಿಟ್ಟು ಆ ವಯಸ್ಸಿನಲ್ಲಿ ತಿರುಗುವುದೇ ಹಾಗೆ. ಬರೆದವರು ಯಾರೇ ಆಗಲಿ, ಅಷ್ಟು ನಿಜ.

ತೀರ್ಥಹಳ್ಳಿಯಿಂದ:
ಮೇಡಂ, ಅವಳ ಸಿಟ್ಟು ಸದಾ ತನ್ನ ಮೇಲೆಯೇ ತಿರುಗುವುದಿಲ್ಲ. ಜಾಪಿ, ಕಾ ಎಂಬ ಎರಡು ನಾಯಿಗಳಲ್ಲಿ, ಕುಂಟುವ ಕಾ ನೋಡುತ್ತಿರುವಂತೆಯೇ ಜಾಪಿಯನ್ನಷ್ಟೇ ಮುದ್ದಿಸುತ್ತಾಳೆ. ಕಾ ಬೇಗ ಸಾಯಲಿ ಎಂದೂ ಅನ್ನುತ್ತಾಳೆ. ಮುಗ್ಧ ಬಾಲೆಯನ್ನು ಚಿತ್ರಿಸಹೊರಟ ಲೇಖಕನಾಗಿದ್ದರೆ ಈ ಭಾಗವನ್ನು ಮೊದಲು ತೆಗೆದುಹಾಕುತ್ತಿದ್ದ, ಆದ್ದರಿಂದ ಇಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ಒಳಉಡುಪಿನ ಮೇಲೆ ತಾನೇ ಕಸೂತಿ ಹಾಕಿದ ಬಿಳಿಯ ಗುಲಾಬಿ ಯಾರಿಗೂ ಕಾಣದೆಂದು ಅವಳು ಬೀಗುವ ಜಾಗದಲ್ಲಿ ಮಾತ್ರ, ಹುಡುಗಿಗಿಂತ ಅವಳನ್ನು ನೋಡುತ್ತಿರುವ ಗಂಡಸೇ ಹೆಚ್ಚು ಕಾಣುತ್ತಾನೆ. ಆ ಭಾಗವನ್ನು ಬಳಗದ ಹೆಣ್ಣುಮಕ್ಕಳು ಹೇಗೆ ಓದಿಕೊಂಡರು ಎಂಬುದನ್ನು ದಯವಿಟ್ಟು ತಿಳಿಸಿ.