ಸೊಸೆಗೆ ಆಗ್ತದೆ, ಮಗನಿಗೆ ಇಲ್ಲ

(ಗುತ್ತಿನ ಮನೆ, ಅಂದ್ರೆ ನಮ್ಮ ಹಿರಿಯರ ಮನೆಯ ಫ್ಯಾಮಿಲಿ ಗ್ರೂಪ್, ಆದಿತ್ಯವಾರ ರಾತ್ರಿ)

ಬಿಜೈ ಚಿಕ್ಕಮ್ಮ: *ಫಾರ್ವರ್ಡ್* ರೋಟರಿ ಫೌಂಡೇಶನ್ ಸ್ಕಾಲರ್‌ಶಿಪ್!! ಫಾರಿನ್‌ನಲ್ಲಿ ಮಾಸ್ಟರ್ಸ್ ಓದ್ಲಿಕ್ಕೆ 30,000 ಡಾಲರ್ ಫ್ರೀ!! ಎಲ್ಲರಿಗೂ ಕಳ್ಸಿ 🙏

ಬಿಜೈ ಚಿಕ್ಕಮ್ಮ: ಅಣ್ಣಾ ನೀವು ಇಷ್ಟು ವರ್ಷದಿಂದ ರೋಟರಿಯಲ್ಲಿ ಇದ್ದೀರಿ, ನನ್ನ ಮಗಳಿಗೆ ಒಂದು ಮಾತು ಹೇಳ್ಲಿಲ್ಲ ಅಲ್ವಾ

ಉಡುಪಿ ಮಾವ: ಫ್ರೀ ಅಂತ ಯಾರು ಹೇಳಿದ್ದು ಮಾರಾಯ್ತಿ. ಅದು ಗ್ಲೋಬಲ್ ಗ್ರಾಂಟ್, 30,000 ಡಾಲರ್ ಅಂದ್ರೆ ಕಮ್ಮಿಯಲ್ಲಿ ಕಮ್ಮಿ ಬಜೆಟ್, ಅಷ್ಟು ಹೊಂದಿಸ್ಲಿಕ್ಕೆ ಇಲ್ಲಿ ಒಂದು ಕ್ಲಬ್ ಬೇಕು ಓದುವ ದೇಶದಲ್ಲಿ ಇನ್ನೊಂದು ಕ್ಲಬ್ ಬೇಕು ರೋಟರಿ ಡಿಸ್ಟ್ರಿಕ್ಟಿನ (ಸುತ್ತಿನ ಕ್ಲಬ್‌ಗಳ ಗುಂಪಿನ) ಫಂಡ್ ಬೇಕು, ಆ ಫಂಡ್ ಅಂದ್ರೆ ಮೂರು ವರ್ಷ ಹಿಂದೆ ನಾವೇ ಕೊಟ್ಟದ್ದರಲ್ಲಿ ಸುಮಾರು ಅರ್ಧ ವಾಪಸ್ ಬರುವುದು. ಮತ್ತೆ ಸಿಕ್ಕಿದ ಸಬ್ಜೆಕ್ಟಿಗೆಲ್ಲ ಇಲ್ಲ. ನೀರು, ರೋಗ ತಡೆ, ತಾಯಿ ಮಗುವಿನ ಆರೋಗ್ಯ, ಶಾಂತಿ, ಪರಿಸರ ಅಂತ ಏಳು ವಿಷಯ ಉಂಟು, ಅದರೊಳಗೆ ಬರ್ಬೇಕು

ಸುರತ್ಕಲ್ ತಂಗಿ: ನನ್ನದು ನೀರೇ ಅಲ್ವಾ ಮಾವ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ಗೆ ಹೋಗ್ಬೇಕಂತ ನಾನು ಯಾವಾಗಿಂದ ಹೇಳ್ತಾ ಇದ್ದೇನೆ

ಕಂಕನಾಡಿ ದೊಡ್ಡಪ್ಪ: ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ನೀರಿಗೆ ನಾವು ಬಾಯಿ ಬಿಡುದು, ಇವಳು ಡೆಲ್ಫ್ಟಿನಲ್ಲಿ ನೀರು ಕಲಿಯುದು. ಹೋದವರು ಯಾರು ವಾಪಸ್ ಬಂದಿದ್ದಾರೆ ಹೇಳಿ. ಗ್ಲೋಬಲ್ ಸಿಟಿಜನ್ ಅಂತೆ! ಬೊಂಬಾಯಿ ಹೋಟ್ಲಿಗೆ ಹೋದವರು, ಅಬುಧಾಬಿಗೆ ಹೋದವರು, ನಮ್ಮ ಮನೆಯಲ್ಲಿ ಎಲ್ಲ ಗ್ಲೋಬಲ್ಲೇ, ಭೂತದ ನೇಮದ ದಿವಸ ಮಾತ್ರ ಊರು ನೆನಪಾಗುದು

ಬಿಜೈ ಚಿಕ್ಕಮ್ಮ: ಆ ನೇಮದ ಖರ್ಚು ಹಾಕುದು ಯಾರು ಭಾವ

ಮಣಿಪಾಲದ ಭಾವ: ನಾನು ಎರಡು ವರ್ಷ ಹಿಂದೆ ಪಪ್ಪನ ಹತ್ರ ಇದನ್ನೇ ಕೇಳಿದ್ದೆ. ನನಗೆ ಇಲ್ಲ ಅಂತೆ

ಉಡುಪಿ ಮಾವ: ರೂಲ್ಸ್ ಹಾಗೆ ಉಂಟು. ಮೆಂಬರಿನ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಪ್ಪ ಅಮ್ಮ ಯಾರಿಗೂ ಇಲ್ಲ

ನಾನು: ತಂಗಿಯ ಮಗಳಿಗೆ?

ಉಡುಪಿ ಮಾವ: ನೇರ ಸಂತತಿ ಅಲ್ಲ ಅಲ್ವಾ. ಆಗ್ತದೆ

ನಾನು: ಅಂದ್ರೆ ಆಸ್ತಿ ಅಕ್ಕ ತಂಗಿಯರ ಮಕ್ಕಳಿಗೆ ಹೋಗುವ ನಮ್ಮ ಅಳಿಯಕಟ್ಟು ಅಮೆರಿಕದವರಿಗೆ ಗೊತ್ತಿಲ್ಲ 😄

ಕಂಕನಾಡಿ ದೊಡ್ಡಪ್ಪ: ನಗುದಲ್ಲ ಮಾರಾಯ. ನಮ್ಮಲ್ಲಿ ಮಾವನ ನಂತರ ಯಾರು? ಅಕ್ಕ ತಂಗಿಯರ ಮಕ್ಕಳು, ಅಂದ್ರೆ ಅಳಿಯ, ಸೊಸೆ. ಗುತ್ತಿನ ಪಾಲುಪಟ್ಟಿ 1949ರ ಅಳಿಯಸಂತಾನ ಆ್ಯಕ್ಟ್ ಪ್ರಕಾರ ಆದದ್ದು, ಎಲ್ಲ ಹೆಂಗಸರ ಕವರಿಗೆ (ಕುಟುಂಬದ ಶಾಖೆಗೆ) ಹೋಗಿದೆ, ಅದರಲ್ಲಿ ಗಂಡಸರ ಮಕ್ಕಳ ಹೆಸರು ಎಲ್ಲಿ ಉಂಟು ತೋರ್ಸಿ. ಮನೆಯವರಿಗೇ ಹಂಚಿಕೊಳ್ಬಾರದು ಅಂತ ತಾನೆ ಆ ರೂಲ್ಸ್ ಮಾಡಿದ್ದು? ಹಾಗಾದ್ರೆ ಇವಳಿಗೆ ಕೊಟ್ರೆ ಎಂತ ಆಯ್ತು?

ಬಿಜೈ ಚಿಕ್ಕಮ್ಮ: ಹೌದಾ ಭಾವ? ಹೋದ ವರ್ಷ ಜಾಗದ ಮಾತು ಬಂದಾಗ ಅಳಿಯಕಟ್ಟು ಎಲ್ಲ ಹಳೇ ಕಾಲದ್ದು, ಈಗ ಮಕ್ಕಳಿಗೇ ಅಂತ ಹೇಳಿದ್ದು ನೀವೇ. ಸ್ಕಾಲರ್‌ಶಿಪ್ ಅನ್ನುವಾಗ ವಾಪಸ್ ಬಂತಾ

ನಾನು: 🤐

(ದೊಡ್ಡಪ್ಪ ಟೈಪಿಂಗ್ ಅಂತ ಹತ್ತು ನಿಮಿಷ ತೋರ್ಸಿತು, ಎಂತದೂ ಬರ್ಲಿಲ್ಲ)

ಉಡುಪಿ ಮಾವ: ಕಂಕನಾಡಿಯವರು ಹೇಳುದರಲ್ಲಿ ಸ್ವಲ್ಪ ಸತ್ಯ ಉಂಟು. 1917ರಲ್ಲಿ ಆಗಿನ ರೋಟರಿ ಪ್ರೆಸಿಡೆಂಟ್ ಆರ್ಚ್ ಕ್ಲಂಫ್ ಈ ಫೌಂಡೇಶನ್ ಶುರು ಮಾಡ್ಬೇಕಂತ ಹೇಳಿದಾಗ ಮೊದಲು ಬಂದ ದುಡ್ಡು 26 ಡಾಲರ್ 50 ಸೆಂಟ್. ಹಾಗೆ ಒಟ್ಟಾದ ದುಡ್ಡು ಅದು. ನಾನು ಮೀಟಿಂಗಿನಲ್ಲಿ ಕೂತು ಸೊಸೆಯ ಹೆಸರು ಹೇಳಿದ್ರೆ ನಾಳೆ ಊರಿಡೀ ಎಂತ ಹೇಳ್ತಾರೆ

ಸುರತ್ಕಲ್ ತಂಗಿ: ಮಾವ ನೀವು ಹೇಳುದೇ ಬೇಡ. ಉಡುಪಿ ಡಿಸ್ಟ್ರಿಕ್ಟ್ 3182, ಮಂಗಳೂರು 3181, ಬೇರೆ ಬೇರೆ ಅಲ್ವಾ. ನಾನು ಇರುದು ಇಲ್ಲಿ, ಇಲ್ಲಿಯ ಕ್ಲಬ್ಬಿನಲ್ಲೇ ಕೇಳ್ತೇನೆ. ಇಂಟರ್‌ವ್ಯೂ ಮಾಡ್ಲಿ, ಬೇಡ ಅಂದ್ರೆ ಬೇಡ

ಉಡುಪಿ ಮಾವ: ಅಲ್ಲಿಯ ಪ್ರೆಸಿಡೆಂಟ್ ನನ್ನ ಕ್ಲಾಸ್‌ಮೇಟ್

ಸುರತ್ಕಲ್ ತಂಗಿ: ಮಾವಾ!!!

ಉಡುಪಿ ಮಾವ: ಇಲ್ಲ ಇಲ್ಲ, ಫೋನ್ ಮಾಡುದಿಲ್ಲ

ಬಿಜೈ ಚಿಕ್ಕಮ್ಮ: ಒಂದು ಫೋನ್ ಮಾಡಿದ್ರೆ ಎಂತ ಆಗ್ತದೆ ಅಣ್ಣ

ಮಣಿಪಾಲದ ಭಾವ: ಪಪ್ಪ, ಇದೆಲ್ಲ ಮುಗಿದ್ರೆ ನನ್ನ ಎಜುಕೇಶನ್ ಲೋನ್ ಫಾರ್ಮ್ ಟಿವಿ ಹತ್ರ ಇಟ್ಟಿದ್ದೇನೆ, ಒಂದು ಸೈನ್